'ರೋಗಿ ಸಹಕರಿಸಲಿಲ್ಲ' ಎಂದು ಬರೆದವನ ಪತ್ರ

ಹೃದಯದ ಸ್ಕ್ಯಾನ್ ಬರೆದುಕೊಡುವ ಡಾಕ್ಟರುಗಳಿಗೆ, ಸ್ಕ್ಯಾನಿಂಗ್ ವಿಭಾಗ ನಡೆಸುವ ಮುಖ್ಯಸ್ಥರಿಗೆ, ಈ ಪರೀಕ್ಷೆಗಳಿಗೆ ನಿಯಮ ಬರೆಯುವ ತಜ್ಞ ಸಮಿತಿಗಳಿಗೆ,

ನಮಸ್ಕಾರ.

ನಾನು ಗಾಮಾ ಕ್ಯಾಮೆರಾದ ಪಕ್ಕದಲ್ಲಿ ನಿಲ್ಲುವವನು. ಹೃದಯದ ಸ್ನಾಯುವಿಗೆ ರಕ್ತ ಸಾಕಷ್ಟು ಸಿಗುತ್ತಿದೆಯೋ ಇಲ್ಲವೋ ಎಂದು ನೋಡುವ ಪರ್ಫ್ಯೂಷನ್ ಸ್ಕ್ಯಾನ್ ಮಾಡುವುದು ನನ್ನ ಕೆಲಸ. ಜನರ ಬಾಯಲ್ಲಿ ಇದು ಈಗಲೂ 'ಥ್ಯಾಲಿಯಂ ಟೆಸ್ಟ್'. ಥ್ಯಾಲಿಯಂ ಎಂದರೆ ರಕ್ತಕ್ಕೆ ಚುಚ್ಚುವ ವಿಕಿರಣಶೀಲ ವಸ್ತು, ಅದು ಹೃದಯದ ಸ್ನಾಯು ಸೇರಿ ಸೂಸುವ ಕಿರಣವನ್ನೇ ಕ್ಯಾಮೆರಾ ಹಿಡಿಯುತ್ತದೆ. ಹೆಚ್ಚಿನ ಕಡೆ ಥ್ಯಾಲಿಯಂ ಹೋಗಿ ಅದೇ ಕೆಲಸಕ್ಕೆ ಟೆಕ್ನೀಷಿಯಂ ಬಂದು ಎಷ್ಟೋ ವರ್ಷವಾಯಿತು, ಹೆಸರು ಮಾತ್ರ ಹಾಗೇ ಉಳಿದಿದೆ. ನಾನು ರಿಪೋರ್ಟ್ ಬರೆಯುವುದಿಲ್ಲ, ಔಷಧಿ ಕೊಡುವುದಿಲ್ಲ. ಆದರೆ ಪರೀಕ್ಷೆಯ ದಿನ ರೋಗಿಯ ಜೊತೆ ಎಲ್ಲರಿಗಿಂತ ಜಾಸ್ತಿ ಹೊತ್ತು ಕಳೆಯುವವನು ನಾನೇ.

ರಿಪೋರ್ಟ್ ಬರೆಯುವ ಡಾಕ್ಟರಿಗೆಂದು ನಾನು ಒಂದು ಸಣ್ಣ ನೋಟ್ ಬರೆದಿಡುತ್ತೇನೆ. ಅದರಲ್ಲಿ 'ರೋಗಿ ಸಹಕರಿಸಲಿಲ್ಲ' ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಚಿತ್ರ ಅಲುಗಾಡಿದಾಗ ಬರೆದೆ. ಟ್ರೆಡ್‌ಮಿಲ್ ಹತ್ತಿದವರು ಮೂರು ನಿಮಿಷವೂ ನಿಲ್ಲದೆ ಇಳಿದಾಗ ಬರೆದೆ. ಹಾಗೆ ಬರೆಸಿಕೊಂಡವರಲ್ಲಿ ಬಹುಪಾಲು ಜನ 75 ದಾಟಿದವರು ಎಂಬುದು ನನ್ನ ತಲೆಗೆ ಹೊಳೆದದ್ದು ತೀರಾ ತಡವಾಗಿ. ಅವರು ಸಹಕರಿಸಲಿಲ್ಲ ಎನ್ನುವುದು ಸುಳ್ಳು. ಅವರ ದೇಹಕ್ಕೆ ಹೊಂದದ ಪರೀಕ್ಷೆಯನ್ನು ನಾವು ಅವರ ಮೇಲೆ ಹೇರಿದ್ದೆವು. ಆ ಮಾತನ್ನು ವಾಪಸ್ ಪಡೆಯುವುದಕ್ಕೇ ಈ ಪತ್ರ ಬರೆಯುತ್ತಿದ್ದೇನೆ.

ಕಣ್ಣು ತೆರೆಸಿದವರು ಒಬ್ಬ ಅಜ್ಜಿ. ವಯಸ್ಸು ಎಂಬತ್ತರ ಹತ್ತಿರ. ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ವಯಸ್ಸು, ಹೆಣ್ಣು, ಎದೆನೋವು, ಇಸ್ಕೀಮಿಯಾ (ಹೃದಯದ ಸ್ನಾಯುವಿಗೆ ರಕ್ತದ ಕೊರತೆ) ಇದೆಯೇ ನೋಡಿ. ಸ್ಕ್ಯಾನ್ ಆಗುವಷ್ಟು ಹೊತ್ತೂ ಎಡಗೈಯನ್ನು ತಲೆಯ ಮೇಲೆ ಎತ್ತಿ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ತೋಳು ಹೃದಯಕ್ಕೂ ಕ್ಯಾಮೆರಾಕ್ಕೂ ನಡುವೆ ಅಡ್ಡ ಬರುತ್ತದೆ. ಹಳೆಯ ಮಾದರಿ ಕ್ಯಾಮೆರಾದಲ್ಲಿ ಒಂದೊಂದು ಸುತ್ತಿಗೂ ಹದಿನೈದು ನಿಮಿಷದ ಹತ್ತಿರ ಬೇಕು. ಅಜ್ಜಿಗೆ ಭುಜ ಹಿಡಿದುಕೊಂಡು ಎರಡು ವರ್ಷವಾಗಿತ್ತು. ಅದನ್ನು ಅವರು ಬೆಳಗ್ಗೆ ಕೌಂಟರಿನಲ್ಲಿ ಹೇಳಿದ್ದರು, ಸೂಜಿ ಹಾಕಿದವರಿಗೂ ಹೇಳಿದ್ದರು. ಯಾರೂ ಬರೆದುಕೊಂಡಿರಲಿಲ್ಲ. ನಾನು ಕೈಯನ್ನು ಮೆಲ್ಲಗೆ ಮೇಲಕ್ಕೆ ತಂದು ಪಟ್ಟಿ ಹಾಕಿದೆ. ಅವರು ತುಟಿ ಕಚ್ಚಿಕೊಂಡು ಮಲಗಿದರು. ಆರನೇ ನಿಮಿಷಕ್ಕೆ ಕೈ ಜಾರಿತು, ಮೈ ಸ್ವಲ್ಪ ಹೊರಳಿತು. ನಾನು ಎಂದಿನಂತೆ ನೋಟ್ ಬರೆದೆ.

ಚಿತ್ರದಲ್ಲಿ ಹೃದಯದ ಕೆಳಗೋಡೆ ಮಸುಕಾಗಿತ್ತು. ರಕ್ತ ಕಡಿಮೆಯೋ, ಅಲುಗಾಟವೋ, ಹೇಳುವುದು ಕಷ್ಟ. ರಿಪೋರ್ಟಿನಲ್ಲಿ ಎರಡೂ ಇರಬಹುದು ಎಂದು ಬಂತು. ಅನುಮಾನ ಯಾಕೆ ಎಂದು ಮಣಿಕಟ್ಟಿನಿಂದ ಕೊಳವೆ ಹಾಕಿ ಆಂಜಿಯೋಗ್ರಾಂ ಮಾಡಿದರು. ರಕ್ತನಾಳ ಚೆನ್ನಾಗೇ ಇತ್ತು. ಎರಡು ವಾರದ ನಂತರ ಅವರು ಯಾವುದೋ ಕಾಗದಕ್ಕಾಗಿ ನಮ್ಮಲ್ಲಿಗೆ ಬಂದಾಗ ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿಗಟ್ಟಿತ್ತು. 'ನನ್ನ ಕೈ ಎತ್ತಕ್ಕೆ ಆಗಲ್ಲ ಅಂತ ಮೊದಲೇ ಹೇಳಿದ್ದೆನಲ್ಲಪ್ಪ' ಎಂದರು. ಬೈಯಲಿಲ್ಲ. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಈ ಪತ್ರ ನಿಮ್ಮ ಜೊತೆಗೆ ಮನೆಮಂದಿಯೂ ಓದಲಿ ಎಂಬ ಆಸೆ. ಹಾಗಾಗಿ ಪರೀಕ್ಷೆಯ ಒಳಗುಟ್ಟನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಹೃದಯ ತನಗೆ ಬಂದ ರಕ್ತದಿಂದ ಸುಮ್ಮನೆ ಕೂತಾಗಲೇ ಮುಕ್ಕಾಲು ಪಾಲಿನಷ್ಟು ಆಮ್ಲಜನಕ ಹೀರಿಕೊಂಡಿರುತ್ತದೆ. ಕೆಲಸ ಹೆಚ್ಚಿದಾಗ ಅದೇ ರಕ್ತದಿಂದ ಇನ್ನಷ್ಟು ಹಿಂಡುವುದು ಆಗದು. ರಕ್ತವೇ ಜಾಸ್ತಿ ಹರಿಯಬೇಕು. ಆರೋಗ್ಯವಂತ ನಾಳ ಅಗಲವಾಗಿ ಅದನ್ನು ಹರಿಸುತ್ತದೆ, ಕಿರಿದಾದ ನಾಳಕ್ಕೆ ಅದು ಆಗುವುದಿಲ್ಲ. 1974ರಲ್ಲಿ ಲ್ಯಾನ್ಸ್ ಗೌಲ್ಡ್ ಮತ್ತು ಅವರ ಜೊತೆಗಾರರು ನಾಯಿಗಳ ಮೇಲೆ ಮಾಡಿದ ಪ್ರಯೋಗ ಇದನ್ನು ತೋರಿಸಿತು. ನಾಳದ ಅಡ್ಡಳತೆ 85 ಶೇಕಡಾದಷ್ಟು ಕಿರಿದಾಗುವವರೆಗೂ ವಿಶ್ರಾಂತಿಯ ಹರಿವು ಕುಗ್ಗಲಿಲ್ಲ. ಆದರೆ ಅತಿ ಹೆಚ್ಚು ಎಷ್ಟು ಹರಿಯಬಲ್ಲದೋ ಆ ಶಕ್ತಿ, ನಾಳ ಅರ್ಧ ಕಿರಿದಾಗುವ ಹೊತ್ತಿಗೇ ಇಳಿಯತೊಡಗಿತ್ತು. ಅದಕ್ಕೇ ಹೃದಯಕ್ಕೆ ಮೊದಲು ಓಡುವ ಕೆಲಸ ಕೊಡುತ್ತೇವೆ, ಆಮೇಲೆ ಚಿತ್ರ ತೆಗೆಯುತ್ತೇವೆ. ಕೂತವನ ಹೃದಯವನ್ನಷ್ಟೇ ನೋಡಿದರೆ ಕಾಯಿಲೆ ಅಡಗಿಕೊಂಡೇ ಇರುತ್ತದೆ.

ತೊಂದರೆ ಶುರುವಾಗುವುದು ಈ 'ಓಡುವ ಕೆಲಸ'ದಲ್ಲೇ.

ಟ್ರೆಡ್‌ಮಿಲ್‌ನಲ್ಲಿ ನಾವು ಬಳಸುವ ಬ್ರೂಸ್ ಪ್ರೊಟೊಕಾಲ್ (ವೇಗ, ಏರು ಹಂತಹಂತವಾಗಿ ಹೆಚ್ಚಿಸುವ ಕ್ರಮ) 1963ರಷ್ಟು ಹಳೆಯದು. ಮೊದಲ ಮೂರು ನಿಮಿಷವೇ ಗಂಟೆಗೆ 2.7 ಕಿಲೋಮೀಟರ್ ವೇಗ, 10 ಶೇಕಡಾ ಏರು. ಮೂವತ್ತರ ಹುಡುಗನಿಗೆ ಇದು ಆಟ. ಮಂಡಿ ಸವೆದವರಿಗೆ, ಕೋಲು ಹಿಡಿದು ನಡೆಯುವವರಿಗೆ ಇದು ಬೆಟ್ಟ. ನೆಲವೇ ಹಿಂದಕ್ಕೆ ಓಡಿದರೆ ಅವರಿಗೆ ಹೃದಯದ ನೆನಪೆಲ್ಲಿರುತ್ತದೆ, ಬೀಳದೆ ಇದ್ದರೆ ಸಾಕು. ಕಂಬಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಬಿಡುತ್ತಾರೆ. ಹಿಡಿದಷ್ಟೂ ಮೈಭಾರ ಕಂಬಿಯ ಮೇಲೆ ಬಿದ್ದು, ಹೃದಯಕ್ಕೆ ಬೀಳಬೇಕಾದ ಕೆಲಸ ಕಡಿಮೆಯಾಗುತ್ತದೆ. ಸಪಾಟಿನಿಂದ ಶುರುವಾಗುವ ಸೌಮ್ಯ ಬ್ರೂಸ್ ಎಂಬುದೊಂದು ಇದೆ. ಯಂತ್ರದಲ್ಲಿ ಒಂದು ಗುಂಡಿ ಒತ್ತಿದರಾಯಿತು. ಚೀಟಿಯಲ್ಲಿ ಹೇಳಿದ್ದರೆ ಒತ್ತುತ್ತೇವೆ, ಇಲ್ಲದಿದ್ದರೆ ಎಲ್ಲರಿಗೂ ಒಂದೇ.

ಮುಟ್ಟಬೇಕಾದ ನಾಡಿಬಡಿತದ ಲೆಕ್ಕ ಕೇಳಿ. 220ರಲ್ಲಿ ವಯಸ್ಸನ್ನು ಕಳೆಯಿರಿ, ಅದರ 85 ಶೇಕಡಾ ಮುಟ್ಟಿಸಿ. ಎಂಬತ್ತರವರಿಗೆ 140, ಅದರ 85 ಶೇಕಡಾ ಎಂದರೆ 119. ಕಲ್ಲಿನಲ್ಲಿ ಕೊರೆದ ಹಾಗೆ ಈ ಸಂಖ್ಯೆಯನ್ನು ಪಾಲಿಸುತ್ತೇವೆ. ನಿಜವಾಗಿ ಅದು ಸುಮಾರು 1970ರ ಹೊತ್ತಿಗೆ ಹಳೆಯ ಅಧ್ಯಯನಗಳ ಅಂಕಿಗಳ ನಡುವೆ ಎಳೆದ ಒಂದು ಗೆರೆ, ಅಷ್ಟೇ. ಒಬ್ಬೊಬ್ಬರಲ್ಲೂ ಹತ್ತು ಹನ್ನೆರಡು ಬಡಿತ ಆಚೀಚೆ ಆಗುವುದು ತೀರಾ ಸಾಮಾನ್ಯ. ಇದರ ಮೇಲೆ ಬೀಟಾ ಬ್ಲಾಕರ್ ಮಾತ್ರೆ ಬೇರೆ. ನಾಡಿಯನ್ನು ನಿಧಾನ ಮಾಡಲೆಂದೇ ಕೊಟ್ಟ ಮಾತ್ರೆ ಅದು. ನಿಲ್ಲಿಸಬೇಕೋ ಬೇಡವೋ ಎಂದು ನೀವು ಹೇಳದಿದ್ದರೆ ರೋಗಿ ಎಂದಿನಂತೆ ನುಂಗಿ ಬರುತ್ತಾರೆ. ನಾಡಿ 95ರ ಮೇಲೆ ಏರುವುದಿಲ್ಲ, ಕಾಲು ಸೋಲುತ್ತದೆ. ಪರೀಕ್ಷೆ 'ಅಪೂರ್ಣ' ಎಂದಾಗುತ್ತದೆ. ಅಪೂರ್ಣವಾದದ್ದು ನಮ್ಮ ಸಿದ್ಧತೆ, ಅಲ್ವಾ?

ಒಂದು ಮಾತು ಇಲ್ಲೇ ಹೇಳಬೇಕು. ನಡೆಯಲಾಗದಿರುವುದೂ ಒಂದು ಫಲಿತಾಂಶವೇ. ಸಾಮಾನ್ಯವಾಗಿ ಪರ್ಫ್ಯೂಷನ್ ಸ್ಕ್ಯಾನ್ ಪೂರ್ತಿ ನಾರ್ಮಲ್ ಬಂದವರಲ್ಲಿ ಒಂದು ವರ್ಷದೊಳಗೆ ಹೃದಯಾಘಾತ ಅಥವಾ ಹೃದಯದಿಂದ ಸಾವು ಬರುವ ಸಾಧ್ಯತೆ 1 ಶೇಕಡಾಕ್ಕಿಂತ ಕಡಿಮೆ. ನಡೆಯಲಾರದೆ, ಓಟದ ಬದಲು ನಾಳ ಅರಳಿಸುವ ಇಂಜೆಕ್ಷನ್ ಮೇಲೆ ಪರೀಕ್ಷೆ ಮಾಡಿಸಿಕೊಂಡ ವಯಸ್ಸಾದವರಲ್ಲಿ ಅದೇ ನಾರ್ಮಲ್ ಅಷ್ಟು ಭರವಸೆ ಕೊಡುವುದಿಲ್ಲ. ಅವರ ಒಟ್ಟು ಆರೋಗ್ಯವೇ ಸೊರಗಿರುತ್ತದೆ. ಇಬ್ಬರ ರಿಪೋರ್ಟಿನಲ್ಲೂ ಒಂದೇ ಪದ ಇರುತ್ತದೆ. ಮನೆಯವರು ಎರಡನ್ನೂ ಒಂದೇ ಎಂದುಕೊಂಡು ಖುಷಿಪಡುತ್ತಾರೆ.

ಇಂಜೆಕ್ಷನ್ ದಾರಿ ವಯಸ್ಸಾದವರಿಗೆ ವರವೇ ಸರಿ. ಅಡಿನೋಸಿನ್, ಡೈಪಿರಿಡಮೋಲ್, 2008ರಿಂದ ರೆಗಡಿನೋಸಾನ್. ಇವು ಹೃದಯದ ನಾಳಗಳನ್ನು ಅರಳಿಸುತ್ತವೆ, ಓಡಬೇಕಿಲ್ಲ. ರೆಗಡಿನೋಸಾನ್ ಅಂತೂ ಹತ್ತು ಸೆಕೆಂಡಿನಲ್ಲಿ ಕೊಟ್ಟು ಮುಗಿಯುತ್ತದೆ. ಮುಗಿದ ಮೇಲೆ ಮುಖ ಬಿಸಿಯಾಗುತ್ತದೆ, ಎದೆ ಬಿಗಿಯುತ್ತದೆ, ಉಸಿರು ಸಾಲದು ಅನ್ನಿಸುತ್ತದೆ, ತಲೆ ಸಿಡಿಯುತ್ತದೆ. ಸಾಮಾನ್ಯವಾಗಿ ಕೆಲವೇ ನಿಮಿಷದ ಮಾತು. ಆದರೆ ಎದೆನೋವಿಗೆ ಹೆದರಿ ಬಂದ ಮುದುಕರಿಗೆ ಮೊದಲೇ ಹೇಳದೆ ಎದೆ ಬಿಗಿಸಿದರೆ ಏನಾಗಬಹುದು ಯೋಚಿಸಿ. ಒಬ್ಬರು ನನ್ನ ಕೈ ಹಿಡಿದು ಮಗನನ್ನು ಕರೆಯಿರಿ, ಕೊನೆಯ ಮಾತು ಹೇಳಬೇಕು ಎಂದರು. ಐದು ನಿಮಿಷದಲ್ಲಿ ಸರಿಹೋಯಿತು. ಆ ಐದು ನಿಮಿಷವನ್ನು ಅವರು ಮರೆತಿರಲಾರರು. 'ಈಗ ಹೀಗೆ ಹೀಗೆ ಆಗುತ್ತದೆ, ಹೆದರಬೇಡಿ, ಜಾಸ್ತಿಯಾದರೆ ಇಳಿಸುವ ಔಷಧಿ ಪಕ್ಕದಲ್ಲೇ ಇದೆ' ಎನ್ನಲು ಅರ್ಧ ನಿಮಿಷ ಸಾಕಿತ್ತು. ಆ ಇಳಿಸುವ ಔಷಧಿಯ ಹೆಸರು ಅಮಿನೋಫಿಲಿನ್.

ಈ ಔಷಧಿಗಳೇನು ಸಕ್ಕರೆ ನೀರಲ್ಲ. ಉಬ್ಬಸದಿಂದ ಗೊರಗೊರ ಎನ್ನುತ್ತಿರುವವರಿಗೆ ಶ್ವಾಸನಾಳ ಬಿಗಿಯಬಹುದು. ಹೃದಯದ ವಿದ್ಯುತ್ ದಾರಿಯಲ್ಲಿ ಮೊದಲೇ ತಡೆ ಇದ್ದು ಪೇಸ್‌ಮೇಕರ್ ಇಲ್ಲದವರಿಗೆ ಬಡಿತ ಅಪಾಯಕ್ಕೆ ಇಳಿಯಬಹುದು. ಅಪರೂಪಕ್ಕೆ ಹೃದಯಾಘಾತ, ಸಾವು ಆದದ್ದೂ ಉಂಟು. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಬಗ್ಗೆ ಎಚ್ಚರಿಕೆ ಕೊಟ್ಟಿತು. ಇನ್ನು ಕೆಫೀನ್. ಕಾಫಿ, ಟೀ ಮುಂಚಿನ ದಿನದಿಂದ ಬೇಡ ಎನ್ನುತ್ತೇವೆ. ಕೆಲವು ತಲೆನೋವಿನ ಮಾತ್ರೆಯಲ್ಲೂ ಕೆಫೀನ್ ಇರುತ್ತದೆ ಎಂದು ಯಾರೂ ಹೇಳುವುದಿಲ್ಲ. ಅದು ಔಷಧಿಯ ಕೆಲಸಕ್ಕೆ ಅಡ್ಡ ಬಂದು, ಇರುವ ಕಾಯಿಲೆ ಕಾಣದೆ ಹೋಗಬಹುದು.

ತಾಂತ್ರಿಕವಾಗಿ ಇನ್ನೊಂದು. ಎಡಗಡೆಯ ಬಂಡಲ್ ಬ್ರಾಂಚ್ ಬ್ಲಾಕ್ (ಹೃದಯದ ಎಡಭಾಗದ ವಿದ್ಯುತ್ ದಾರಿಯಲ್ಲಿ ತಡೆ) ಇರುವವರನ್ನೂ ಪೇಸ್‌ಮೇಕರ್ ಮೇಲೆ ನಡೆಯುವ ಹೃದಯದವರನ್ನೂ ಟ್ರೆಡ್‌ಮಿಲ್ ಹತ್ತಿಸಿದರೆ ನಾಡಿ ಏರಿದಂತೆ ನಡುಗೋಡೆಯಲ್ಲಿ ಸುಳ್ಳು ಕಲೆ ಕಾಣಬಹುದು. ಇಂಥವರಿಗೆ ನಾಳ ಅರಳಿಸುವ ಇಂಜೆಕ್ಷನ್ನೇ ಸರಿ. ಇದು ನಿಮಗೆ ಗೊತ್ತಿಲ್ಲ ಎಂದಲ್ಲ. ಗೊತ್ತಿದ್ದೂ, ಈ ತಡೆಯನ್ನು ತೋರಿಸುವ ಇಸಿಜಿಯ ನಕಲು ಚೀಟಿಯ ಜೊತೆ ಬರುವುದಿಲ್ಲ. ಇದು ನನ್ನ ದೂರು.

ಹಾಗೆಯೇ ಸ್ಟೆತಸ್ಕೋಪ್. ವಯಸ್ಸಾದವರಲ್ಲಿ ಅಯೋರ್ಟಿಕ್ ಕವಾಟ ಸುಣ್ಣಗಟ್ಟಿ ಕಿರಿದಾಗುವುದು ಸಾಮಾನ್ಯ. ಅದೂ ಎದೆನೋವು, ಉಸಿರಿನ ಕಷ್ಟವನ್ನೇ ತರುತ್ತದೆ. ಹಾಗೆ ಕಿರಿದಾದ ಕವಾಟದವರನ್ನು, ಅದರಲ್ಲೂ ತಲೆಸುತ್ತು, ಎದೆನೋವು ಇರುವವರನ್ನು, ಓಡಿಸುವುದು ಅಪಾಯ. ಎದೆಗೆ ಕಿವಿಯಿಟ್ಟು ಮರ್ಮರ್ (ಕವಾಟದ ಅಸಹಜ ಸದ್ದು) ಕೇಳಿಸಿಕೊಂಡು ಒಂದು ಎಕೋ (ಹೃದಯದ ಅಲ್ಟ್ರಾಸೌಂಡ್) ಮಾಡಿಸಿ ಕಳಿಸಿ.

ಕ್ಯಾಮೆರಾದ ಕೋಣೆಗೆ ವಾಪಸ್ ಬರುತ್ತೇನೆ, ನನಗೆ ಚೆನ್ನಾಗಿ ಗೊತ್ತಿರುವ ಜಾಗ ಅದೇ.

ಒಂದು ದಿನದ ಪರೀಕ್ಷೆ ಎಂದರೆ ನಾಲ್ಕೈದು ಗಂಟೆ. ಇಂಜೆಕ್ಷನ್, ಕಾಯುವುದು, ಚಿತ್ರ, ಮತ್ತೆ ಕಾಯುವುದು, ಮತ್ತೆ ಇಂಜೆಕ್ಷನ್, ಮತ್ತೆ ಚಿತ್ರ. ಮೊದಲ ಸುತ್ತಿನವರೆಗೂ ಖಾಲಿ ಹೊಟ್ಟೆ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಂಡು ಖಾಲಿ ಹೊಟ್ಟೆಯಲ್ಲಿ ಕೂತವರು ಬೆವರತೊಡಗಿದಾಗ ಅದು ಹೃದಯವೋ ಸಕ್ಕರೆ ಇಳಿದದ್ದೋ ಎಂದು ನಮಗೆ ಎದೆ ಡವಡವ. ಮೂತ್ರ ಹೋಗುವ ಮಾತ್ರೆ ನುಂಗಿದವರು ಹದಿನೈದು ನಿಮಿಷ ಅಲುಗಾಡದೆ ಮಲಗುವುದು ಹೇಗೆ? ಹೃದಯ ಸೋತು ಚಪ್ಪಟೆ ಮಲಗಿದರೆ ಉಸಿರು ಕಟ್ಟುವವರನ್ನು ಚಪ್ಪಟೆ ಮಲಗಿಸುವುದು ಹೇಗೆ? ಮರೆವಿನ ಕಾಯಿಲೆ ಇರುವ ತಾತನಿಗೆ ಮಗಳು ಪಕ್ಕದಲ್ಲಿ ಇದ್ದರೆ ಸಾಕು, ಕಲ್ಲಿನ ಹಾಗೆ ಮಲಗುತ್ತಾರೆ. ಮಗಳನ್ನು ಹೊರಗೆ ಕೂರಿಸಿದರೆ ಎದ್ದು ಹೊರಡುತ್ತಾರೆ.

ಅಲುಗಾಟ ಚಿತ್ರವನ್ನು ಬರೀ ಮಸುಕು ಮಾಡುವುದಿಲ್ಲ, ಇಲ್ಲದ ಕಾಯಿಲೆಯನ್ನೂ ಹುಟ್ಟಿಸುತ್ತದೆ. ಕ್ಯಾಮೆರಾ ಸುತ್ತಲೂ ತಿರುಗುತ್ತ ಒಂದೊಂದು ಕೋನದಿಂದ ಚಿತ್ರ ಕೂಡಿಸುತ್ತದೆ. ನಡುವೆ ಹೃದಯ ಒಂದೆರಡು ಸೆಂಟಿಮೀಟರ್ ಜರುಗಿದರೆ ಕೂಡಿಸಿದ ಚಿತ್ರದಲ್ಲಿ ಗೋಡೆಯೇ ಹರಿದಂತೆ ಕಾಣುತ್ತದೆ. ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ತಿದ್ದುತ್ತದೆ, ಹೊರಳಾಟ ದೊಡ್ಡದಾದರೆ ಅದಕ್ಕೂ ಕೈಲಾಗದು. ಜೊತೆಗೆ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುಪರದೆ) ಕೆಳಗೋಡೆಯನ್ನು ಮಸುಕು ಮಾಡುತ್ತದೆ. ಸ್ತನ ಮುಂಗೋಡೆಯನ್ನು ಮಸುಕು ಮಾಡುತ್ತದೆ. ಸಣ್ಣ ಮೈಕಟ್ಟಿನ ಅಜ್ಜಿಯರ ಹೃದಯವೂ ಸಣ್ಣದು, ಅದರಲ್ಲಿ ಸಣ್ಣ ಕಲೆ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಇದಕ್ಕೆಲ್ಲ ದಾರಿ ಇಲ್ಲವೇ? ಇದೆ. ಕಿರಣವನ್ನು ಇನ್ನೂ ಚುರುಕಾಗಿ ಹಿಡಿಯುವ ಹೊಸ ಸಿಝೆಡ್‌ಟಿ ಕ್ಯಾಮೆರಾಗಳು ಕೆಲವೇ ನಿಮಿಷದಲ್ಲಿ ಕೆಲಸ ಮುಗಿಸುತ್ತವೆ. ಕೂತ ಭಂಗಿಯಲ್ಲಿ ಚಿತ್ರ ತೆಗೆಯುವ ಯಂತ್ರಗಳಿವೆ. ಇವು ನಿಮ್ಮಲ್ಲಿ ಇದ್ದರೆ ಮೊದಲ ಸರದಿ ವಯಸ್ಸಾದವರಿಗೆ ಕೊಡಿ. ಇಲ್ಲದಿದ್ದರೂ ಒಂದು ಕೆಲಸ ಇವತ್ತೇ ಆಗುತ್ತದೆ: ಮೊದಲು ಸ್ಟ್ರೆಸ್ ಚಿತ್ರ, ಅಂದರೆ ಹೃದಯಕ್ಕೆ ಕೆಲಸ ಕೊಟ್ಟಾಗಿನ ಚಿತ್ರ ತೆಗೆಯಿರಿ. ಅದು ಚೆನ್ನಾಗಿದ್ದರೆ ವಿಶ್ರಾಂತಿಯ ಚಿತ್ರ ಬೇಕಿಲ್ಲ. ಅರ್ಧ ದಿನ ಉಳಿಯುತ್ತದೆ, ವಿಕಿರಣವೂ ಕಡಿಮೆ. ಇದಕ್ಕೆ ಯಂತ್ರ ಬೇಡ. ಆಗಲೇ ಚಿತ್ರ ನೋಡಿ 'ಸಾಕು, ಮನೆಗೆ ಕಳಿಸಿ' ಎನ್ನುವ ಡಾಕ್ಟರ್ ಒಬ್ಬರು ಬೇಕು. ನಮ್ಮಲ್ಲಿ ಸಂಜೆಯವರೆಗೂ ಅವರು ಸಿಗುವುದಿಲ್ಲ. ಎಷ್ಟೋ ಕಡೆ ಇದೇ ಕಥೆ ಇರಬೇಕು.

ವಿಕಿರಣದ ಬಗ್ಗೆ ಮನೆಯವರು ತುಂಬ ಕೇಳುತ್ತಾರೆ. ಹಳೆಯ ರೀತಿಯಲ್ಲಿ ಎರಡೂ ಸುತ್ತು ಸೇರಿ ಸುಮಾರು 10 ಮಿಲಿಸೀವರ್ಟ್ (ಮೈಗೆ ತಗುಲುವ ವಿಕಿರಣದ ಅಳತೆ). ಭೂಮಿಯ ಮೇಲೆ ಬದುಕಿರುವುದಕ್ಕೇ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ವಿಕಿರಣದಿಂದ ಕ್ಯಾನ್ಸರ್ ಬರುವುದಾದರೂ ಅದಕ್ಕೆ ಸಾಮಾನ್ಯವಾಗಿ ಹತ್ತಾರು ವರ್ಷ ಬೇಕು. ಎಂಬತ್ತರವರಿಗೆ ಇದು ದೊಡ್ಡ ಚಿಂತೆ ಆಗಬಾರದು. ಅವರ ಭುಜ, ಮಂಡಿ, ಮೂತ್ರಕೋಶ ನನಗೆ ಇದಕ್ಕಿಂತ ದೊಡ್ಡ ಚಿಂತೆ.

ಬೇರೆ ಪರೀಕ್ಷೆಗಳಿಲ್ಲವೇ ಎಂದರೆ ಇವೆ, ಒಂದೊಂದಕ್ಕೂ ವಯಸ್ಸು ಒಂದೊಂದು ತೊಡಕು ಇಟ್ಟಿರುತ್ತದೆ. ಸಿಟಿ ಆಂಜಿಯೋದಲ್ಲಿ ನಾಳಕ್ಕೆ ಹತ್ತಿದ ಸುಣ್ಣ ಹೊಳೆದು ಹರಡಿ, ಇರುವುದಕ್ಕಿಂತ ದೊಡ್ಡ ಬ್ಲಾಕ್ ತೋರಿಸುತ್ತದೆ. ವಯಸ್ಸಾದಷ್ಟೂ ಸುಣ್ಣ ಜಾಸ್ತಿ. ಅದರ ಬಣ್ಣದ ಔಷಧಿಗೆ ಕಿಡ್ನಿ ಹೇಗಿದೆ ಎಂದೂ ನೋಡಬೇಕು. ಸ್ಟ್ರೆಸ್ ಎಕೋ ಒಳ್ಳೆಯದು, ಎದೆಯ ಮೂಲಕ ಹೃದಯ ಸ್ಪಷ್ಟವಾಗಿ ಕಂಡರೆ. ಎಂಆರ್‌ಐ ಚಿತ್ರವಂತೂ ಸೊಗಸು. ಆದರೆ ಕಿವಿಯ ಯಂತ್ರವನ್ನು ಹೊರಗೆ ತೆಗೆದಿಟ್ಟು ಒಳಗೆ ಹೋಗಬೇಕು. ಆಮೇಲೆ ಹೆಡ್‌ಫೋನಿನಲ್ಲಿ 'ಉಸಿರು ಹಿಡಿಯಿರಿ' ಎಂದು ಹೇಳುತ್ತಾರೆ! ಕೇಳಿಸದವರು ಉಸಿರು ಬಿಟ್ಟುಕೊಂಡೇ ಇರುತ್ತಾರೆ. ಅಲ್ಲಿಯ ಟೆಕ್ನಾಲಜಿಸ್ಟ್ ನೋಟಿನಲ್ಲಿ ಏನು ಬರೆಯುತ್ತಾರೆ ಎಂದು ನಿಮಗೆ ಈಗ ಗೊತ್ತಾಗಿರಬೇಕು.

ಪೆಟ್ ಸ್ಕ್ಯಾನ್ ಬಗ್ಗೆ ಒಂದಿಷ್ಟು ಜಾಸ್ತಿ ಹೇಳಬೇಕು. ಗಾಮಾ ಕ್ಯಾಮೆರಾ ಸುತ್ತಿ ತೆಗೆಯುವ ನಮ್ಮ ಮಾಮೂಲಿ ಚಿತ್ರಕ್ಕೆ ಸ್ಪೆಕ್ಟ್ ಎನ್ನುತ್ತಾರೆ, ಅದು ಹೋಲಿಕೆಯ ಚಿತ್ರ. ಎಲ್ಲಿ ಅತಿ ಹೊಳಪೋ ಅದನ್ನು ನೂರು ಎಂದಿಟ್ಟುಕೊಂಡು ಉಳಿದದ್ದನ್ನು ಅಳೆಯುತ್ತದೆ. ಮೂರು ದೊಡ್ಡ ನಾಳಗಳೂ ಒಂದೇ ಸಮ ಕಿರಿದಾಗಿದ್ದರೆ ಎಲ್ಲ ಗೋಡೆಯೂ ಒಂದೇ ಸಮ ಬಡವಾಗಿರುತ್ತದೆ. ಚಿತ್ರ ಚೆನ್ನಾಗೇ ಕಾಣಬಹುದು. ಅತಿ ಹೆಚ್ಚು ಕಾಯಿಲೆ ಇರುವವರಿಗೇ 'ನಾರ್ಮಲ್' ಸಿಗುವ ಅಪಾಯ ಇದು. ಮೂರು ನಾಳದ ಕಾಯಿಲೆ ವಯಸ್ಸಾದವರಲ್ಲೇ ಜಾಸ್ತಿ. ಸ್ಟ್ರೆಸ್ ನಂತರ ಹೃದಯದ ಕೋಣೆ ಹಿಗ್ಗಿದಂತೆ ಕಂಡರೆ, ಪಂಪಿಂಗ್ ಇಳಿದರೆ ಸುಳಿವು ಸಿಗುತ್ತದೆ, ನೋಡುವವರು ನೋಡಿದರೆ. ಪೆಟ್ ಹಾಗಲ್ಲ. ಒಂದು ಗ್ರಾಂ ಸ್ನಾಯುವಿಗೆ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತ ಎಂದು ಅಳೆದೇ ಹೇಳುತ್ತದೆ. ದೊಡ್ಡ ನಾಳ ಸರಿಯಿದ್ದು ಕಣ್ಣಿಗೆ ಕಾಣದ ಸಣ್ಣ ನಾಳಗಳು ಸೋತಿದ್ದರೂ ಅದಕ್ಕೆ ಗೊತ್ತಾಗುತ್ತದೆ. ಅದರಲ್ಲಿ ಚುಚ್ಚುವ ವಿಕಿರಣಶೀಲ ವಸ್ತು ರುಬಿಡಿಯಂ-82ರ ಅರ್ಧಾಯುಷ್ಯ (ವಿಕಿರಣ ಅರ್ಧಕ್ಕೆ ಇಳಿಯುವ ಹೊತ್ತು) ಒಂದೂಕಾಲು ನಿಮಿಷ ಮಾತ್ರ, ಅದಕ್ಕೇ ಇಡೀ ಪರೀಕ್ಷೆ ಒಂದು ಗಂಟೆಯೊಳಗೆ ಮುಗಿಯುತ್ತದೆ. 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಇನ್ನೊಂದು ಪೆಟ್ ವಸ್ತು ಫ್ಲರ್ಪಿರಿಡಾಜ್‌ನ ಅರ್ಧಾಯುಷ್ಯ 110 ನಿಮಿಷದ ಹತ್ತಿರ. ಅಂದರೆ ದೂರದಲ್ಲಿ ತಯಾರಿಸಿ ತಂದುಕೊಡಬಹುದು, ರುಬಿಡಿಯಂಗೆ ಬೇಕಾಗುವಂತೆ ಅದನ್ನು ಆಸ್ಪತ್ರೆಯಲ್ಲೇ ಹುಟ್ಟಿಸುವ ಜನರೇಟರ್ ಬೇಕಿಲ್ಲ. ನಿಯಮ ಬರೆಯುವವರೇ, ಪೆಟ್ ಇರುವ ಕಡೆ ಅದನ್ನು ಮೊದಲು ಯಾರಿಗೆ ಕೊಡಬೇಕು ಎಂದು ಬರೆಯುವಾಗ ವಯಸ್ಸಾದವರನ್ನು ನೆನೆಯಿರಿ.

ಇಷ್ಟೆಲ್ಲ ಹೇಳಿದ ಮೇಲೆ 'ಹಾಗಾದರೆ ಮುದುಕರಿಗೆ ಸ್ಕ್ಯಾನೇ ಬೇಡ' ಎಂದು ಯಾರಾದರೂ ಅಂದುಕೊಂಡರೆ ನನ್ನ ಪತ್ರ ಕೆಟ್ಟಿತು. ಆ ಕಡೆಯ ತಪ್ಪೂ ನನ್ನ ಕಣ್ಣೆದುರೇ ನಡೆಯುತ್ತದೆ. ವಯಸ್ಸಾದವರಲ್ಲಿ ರಕ್ತ ಕಡಿಮೆಯಾದದ್ದನ್ನು ಎದೆನೋವೇ ಬಂದು ಹೇಳಬೇಕೆಂದಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು, ಕಾರಣವಿಲ್ಲದ ಸುಸ್ತು, ಹೊಟ್ಟೆಯ ಮೇಲ್ಭಾಗದ ಸಂಕಟ, ಬೆವರು. ಸಕ್ಕರೆ ಕಾಯಿಲೆ ಇದ್ದರೆ ಏನೂ ಗೊತ್ತಾಗದೆಯೂ ಇರಬಹುದು. ಕೆಲವರು ಎದೆ ಹಿಡಿಯುವಷ್ಟು ನಡೆಯುವುದೇ ಇಲ್ಲ, ನಿಧಾನವಾಗಿ ನಡಿಗೆಯನ್ನೇ ಕಡಿಮೆ ಮಾಡಿಕೊಂಡಿರುತ್ತಾರೆ. 'ವಯಸ್ಸಾಯ್ತಲ್ಲ, ಸುಸ್ತು ಇದ್ದದ್ದೇ' ಎಂದು ಎರಡು ವರ್ಷ ಸಮಾಧಾನ ಹೇಳಿಸಿಕೊಂಡ ಒಬ್ಬರ ಮುಂಗೋಡೆ ಪೂರ್ತಿ ಮಂಕಾಗಿದ್ದನ್ನು ನಾನೇ ಪರದೆಯ ಮೇಲೆ ನೋಡಿದ್ದೇನೆ. ಸ್ಟೆಂಟ್ ಹಾಕಿದ ಮೇಲೆ ಅವರು ನಮ್ಮ ಕಾರಿಡಾರಿನಲ್ಲಿ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದುಹೋದರು.

ಇನ್ನೊಬ್ಬ ಅಜ್ಜನದು ಬೇರೆ ಕಥೆ. 86 ವರ್ಷ, ಮಾತು ಚುರುಕು. ಏರು ಹತ್ತಿದರೆ ಮಾತ್ರ ಎದೆ ಹಿಡಿಯುತ್ತಿತ್ತು. ಸ್ಕ್ಯಾನಿನಲ್ಲಿ ದೊಡ್ಡ ಕಲೆ ಬಂತು. ಆಂಜಿಯೋ ಎಂದಾಗ 'ಅದೆಲ್ಲ ಬೇಡ, ಮೊದಲೇ ತೀರ್ಮಾನ ಮಾಡಿದ್ದೇನೆ' ಎಂದರು. 'ಹಾಗಾದರೆ ಸ್ಕ್ಯಾನಿಗೆ ಯಾಕೆ ಒಪ್ಪಿದಿರಿ?' ಎಂದು ಕೇಳಿದೆ. 'ಯಾರೂ ಕೇಳಲಿಲ್ಲ, ಹೋಗು ಅಂದರು, ಬಂದೆ' ಎಂದರು. ಅವರ ಎದೆನೋವಿನ ಮಾತ್ರೆಯ ಪ್ರಮಾಣವನ್ನು ಅದುವರೆಗೆ ಯಾರೂ ಏರಿಸಿಯೂ ನೋಡಿರಲಿಲ್ಲ. ಅದು ಸ್ಕ್ಯಾನ್ ಇಲ್ಲದೆಯೂ ಆಗುತ್ತಿದ್ದ ಕೆಲಸ.

ಕಲೆ ಕಂಡ ಮೇಲೆ ಆಂಜಿಯೋ ಬೇಕೇ ಎನ್ನುವ ಪ್ರಶ್ನೆಗೆ ಈಗ ನಮ್ಮ ಕೈಯಲ್ಲಿ ಒಳ್ಳೆಯ ಮಾಹಿತಿಯೂ ಇದೆ. 2020ರಲ್ಲಿ ಪ್ರಕಟವಾದ 'ಇಸ್ಕೀಮಿಯಾ' ಎಂಬ ಹೆಸರಿನ ಅಧ್ಯಯನದಲ್ಲಿ 5,179 ಜನರಿದ್ದರು. ಸ್ಟ್ರೆಸ್ ಪರೀಕ್ಷೆಯಲ್ಲಿ ಮಧ್ಯಮ ಅಥವಾ ತೀವ್ರ ರಕ್ತಕೊರತೆ ಕಂಡವರು, ಆದರೆ ಸ್ಥಿರವಾಗಿದ್ದವರು. ಮೊದಲೇ ಆಂಜಿಯೋ ಮಾಡಿ ಸ್ಟೆಂಟ್ ಅಥವಾ ಬೈಪಾಸ್ ಮಾಡಿದರೂ, ಮೊದಲು ಔಷಧಿಯಲ್ಲೇ ಇಟ್ಟರೂ, ಮೂರು ವರ್ಷ ಚಿಲ್ಲರೆಯ ಅವಧಿಯಲ್ಲಿ ಸಾವು ಮತ್ತು ಹೃದಯಾಘಾತದ ಒಟ್ಟು ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಎದೆನೋವು ಇದ್ದವರಿಗೆ ಮಾತ್ರ ನೋವು ಚೆನ್ನಾಗಿ ಇಳಿಯಿತು. ಅಲ್ಲಿದ್ದವರ ನಡುಮಟ್ಟದ ವಯಸ್ಸು 64, ನನ್ನ ಬೆಂಚಿನ ಮೇಲೆ ಕೂತವರಿಗಿಂತ ಚಿಕ್ಕವರು. ಎಡಗಡೆಯ ಮುಖ್ಯ ನಾಳವೇ ಕಿರಿದಾದವರನ್ನು ಹೊರಗಿಟ್ಟಿದ್ದರು. ಹಾಗಾಗಿ ಕಣ್ಣು ಮುಚ್ಚಿ ಎಲ್ಲರಿಗೂ ಹಚ್ಚಬಾರದು. ಆದರೂ ಒಂದಂತೂ ಹೊಳೆಯುತ್ತದೆ. ಆ ಅಜ್ಜನಿಗೆ ಬೇಕಾದದ್ದು ನೋವು ಕಡಿಮೆಯಾಗುವುದೋ, ಉಸಿರಿನ ಕಷ್ಟ ಹೃದಯದ್ದೋ ಶ್ವಾಸಕೋಶದ್ದೋ ಎಂದು ತಿಳಿಯುವುದೋ, ಅಥವಾ ಬೇರೆ ಯಾವುದಾದರೂ ಆಪರೇಷನ್ನಿಗೆ ಮುಂಚೆ ಧೈರ್ಯವೋ? ಚೀಟಿಯಲ್ಲಿ ಇದು ಇದ್ದರೆ ಯಾವ ಪರೀಕ್ಷೆ ಎನ್ನುವುದು ಅರ್ಧ ತಾನಾಗೇ ತೀರ್ಮಾನವಾಗುತ್ತದೆ. ಕೆಲವು ಸಲ ಯಾವುದೂ ಬೇಡ ಎಂದೂ ತೀರ್ಮಾನವಾಗುತ್ತದೆ.

ಆದ್ದರಿಂದ ಕೇಳುವುದು ಒಂದು ಚೀಟಿ. ಈಗಿನದ್ದಕ್ಕಿಂತ ಆರೇಳು ಸಾಲು ಉದ್ದದ ಚೀಟಿ. ಅವರು ನಿಲ್ಲದೆ ಎಷ್ಟು ದೂರ ನಡೆಯುತ್ತಾರೆ, ನಿಲ್ಲಿಸುವುದು ಎದೆಯೋ ಮಂಡಿಯೋ. ಎಡಗೈ ತಲೆಯ ಮೇಲೆ ಹೋಗುತ್ತದೆಯೋ. ಚಪ್ಪಟೆ ಮಲಗುತ್ತಾರೋ. ಉಬ್ಬಸ ಇದೆಯೋ, ಕಿವಿ ಕೇಳಿಸುತ್ತದೆಯೋ. ಯಾವ ಮಾತ್ರೆ ನಿಲ್ಲಿಸಬೇಕು, ಯಾವುದನ್ನು ನಿಲ್ಲಿಸಲೇಬಾರದು. ಇಸಿಜಿಯ ಪ್ರತಿ, ಕಿಡ್ನಿಯ ಅಂಕಿ. ಕೊನೆಗೆ ಒಂದು ಸಾಲು: ಫಲಿತಾಂಶ ಕೆಟ್ಟದಾಗಿ ಬಂದರೆ ಏನು ಮಾಡಬೇಕೆಂದು ರೋಗಿಯೇ ಹೇಳಿದ್ದಾರೆ. ಆ ಸಾಲನ್ನು ತುಂಬದೆ ಸ್ಕ್ಯಾನ್ ಬುಕ್ ಆಗಬಾರದು ಎನ್ನುವ ನಿಯಮ ತರಲು ಸಮಿತಿಗಳಿಗೆ ಸಾಧ್ಯ. ಯಂತ್ರ ಕೊಳ್ಳುವಷ್ಟು ಕಷ್ಟದ ಕೆಲಸವಲ್ಲ.

ವಿಭಾಗದ ಮುಖ್ಯಸ್ಥರಿಗೆ ಇನ್ನೊಂದು ಕೋರಿಕೆ. 75 ದಾಟಿದವರಿಗೆ ಪಟ್ಟಿಯಲ್ಲಿ ಎರಡು ಪಟ್ಟು ಸಮಯ ಕೊಡಿ. ನಮ್ಮ ಟೆಕ್ನೀಷಿಯಂ ಆರು ಗಂಟೆಗೆ ಅರ್ಧವಾಗುವ ವಸ್ತು, ನಮ್ಮ ಆತುರ ನನಗೂ ಅರ್ಥವಾಗುತ್ತದೆ. ಆದರೆ ಅವಸರದಲ್ಲಿ ತೆಗೆದ ಚಿತ್ರವನ್ನು ಮತ್ತೆ ತೆಗೆಯುವುದಕ್ಕೆ ಅದರ ಎರಡರಷ್ಟು ಹೊತ್ತು ಹಿಡಿಯುತ್ತದೆ. ಮತ್ತೆ ರಿಪೋರ್ಟಿನ ಕೊನೆಗೆ, ಡಾಕ್ಟರಿಗೆ ಬರೆದದ್ದರ ಕೆಳಗೆ, ರೋಗಿಗೆ ಅರ್ಥವಾಗುವ ಎರಡು ಸಾಲು ಸೇರಿಸಿ. 'ಕೆಳಗೋಡೆಯಲ್ಲಿ ಸಣ್ಣ ಪ್ರಮಾಣದ ರಿವರ್ಸಿಬಲ್ ಡಿಫೆಕ್ಟ್' ಎಂಬುದನ್ನು ಓದಿ ಮಗನೊಬ್ಬ ನನ್ನನ್ನು ಕೇಳಿದ್ದ: 'ಡಿಫೆಕ್ಟ್ ಅಂದರೆ ತೂತಾ?' ಅದು ತೂತಲ್ಲ, ಹೃದಯಕ್ಕೆ ಕೆಲಸ ಕೊಟ್ಟಾಗ ಮಾತ್ರ ಕಾಣುವ ರಕ್ತದ ಕೊರತೆ. ಹೇಳುವ ಅಧಿಕಾರ ನನಗಿಲ್ಲ. ಡಾಕ್ಟರನ್ನು ಕೇಳಿ ಎಂದೆ. ಅವರ ಅಪಾಯಿಂಟ್‌ಮೆಂಟ್ ಹತ್ತು ದಿನ ಆಚೆಗೆ ಇತ್ತು. ಆ ಹತ್ತು ದಿನ ಆ ಮನೆಯಲ್ಲಿ ತಂದೆಯನ್ನು ಮಂಚದಿಂದ ಇಳಿಯಲು ಬಿಟ್ಟಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ನನ್ನ ಕಡೆಯಿಂದ ಆಗಬೇಕಾದದ್ದನ್ನು ಶುರು ಮಾಡಿದ್ದೇನೆ. ಸರದಿಯ ಹಿಂದಿನ ಸಂಜೆ ಫೋನ್ ಮಾಡಿ ಮೇಲಿನ ಪ್ರಶ್ನೆಗಳನ್ನೆಲ್ಲ ನಾನೇ ಕೇಳುತ್ತೇನೆ. ಒಬ್ಬರಿಗೆ ನಾಲ್ಕು ನಿಮಿಷ. ಭುಜ ಎತ್ತಲಾಗದವರಿಗೆ ಮಡಿಸಿದ ಟವಲ್, ದಿಂಬು ಇಟ್ಟು ಎಷ್ಟಾಗುತ್ತದೋ ಅಷ್ಟು ಎತ್ತಿಸುತ್ತೇನೆ. ಆಗದಿದ್ದರೆ ಕೈ ಕೆಳಗೇ ಇರಿಸಿ, ನೋಟಿನಲ್ಲಿ 'ಎಡ ಭುಜ ಹಿಡಿದಿದೆ, ಕೈ ಕೆಳಗಿಟ್ಟು ತೆಗೆದ ಚಿತ್ರ' ಎಂದು ಬರೆಯುತ್ತೇನೆ. ರಿಪೋರ್ಟ್ ಬರೆಯುವವರಿಗೆ ಅದು ಕೆಲಸಕ್ಕೆ ಬರುವ ಮಾತು, ಹಳೆಯ ಮಾತು ಬರುತ್ತಿರಲಿಲ್ಲ.

ನಾಳೆಯ ಪಟ್ಟಿಯಲ್ಲಿ ಐದು ಜನ. ಮೂವರು ಎಂಬತ್ತರ ಮೇಲಿನವರು. ಮೂವರ ಚೀಟಿಯಲ್ಲೂ ಇರುವುದು ಒಂದೇ ಸಾಲು. ಫೋನ್ ಮಾಡಬೇಕು, ಹಾಗಾಗಿ ಇಲ್ಲಿಗೆ ನಿಲ್ಲಿಸುತ್ತೇನೆ.

ಇಂತಿ,
ಕ್ಯಾಮೆರಾ ಕೋಣೆಯಿಂದ ಒಬ್ಬ ಟೆಕ್ನಾಲಜಿಸ್ಟ್